ಗಾಳಿಯನ್ನು ಪಾಲು ಮಾಡಿದ ಒಲೆ

ಒಲೆ ಹೊಗೆಯಾಡಿದರೆ ಬೈಗುಳ ತಿನ್ನುವುದು ಸೌದೆ. ಹಸಿಯಾಗಿದೆ, ದಪ್ಪವಾಗಿದೆ, ಮಳೆಗೆ ನೆಂದಿದೆ ಎಂಬ ದೂರು ನಮ್ಮ ಮಲೆನಾಡು, ಕರಾವಳಿಯಿಂದ ಹಿಡಿದು ಗೋವೆಯ ಅಡುಗೆಮನೆಗಳವರೆಗೆ ಮಳೆಗಾಲದಲ್ಲಿ ತಪ್ಪಿದ್ದಿಲ್ಲ. ದೂರಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಪ್ಪು ಗಾಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಊರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಕೆಲವು ವಿಜ್ಞಾನಿಗಳು ಈ ಉಳಿದರ್ಧದ ಬೆನ್ನು ಹತ್ತಿದರು. ಕೊನೆಗೆ ಅವರ ಕೈಗೆ ಬಂದದ್ದು ಅಂಗೈಯಗಲದ ಒಂದು ಫ್ಯಾನ್ ಮತ್ತು ಅದನ್ನು ಎಲ್ಲಿ, ಎಷ್ಟು ಊದಿಸಬೇಕು ಎಂಬ ಲೆಕ್ಕ.

ಲೆಕ್ಕ ಶುರುವಾಗುವುದು ಸೌದೆಯಿಂದಲೇ. ಕಟ್ಟಿಗೆ ಇದ್ದ ಹಾಗೇ ಉರಿಯುವುದಿಲ್ಲ. ಕಾವು ತಗುಲಿದೊಡನೆ ಅದರ ತೂಕದ ಮುಕ್ಕಾಲು ಪಾಲು ಆವಿಯಾಗಿ ಹೊರಡುತ್ತದೆ. ನಾವು ಜ್ವಾಲೆ ಎನ್ನುವುದು ಈ ಆವಿಯ ಉರಿ. ಹಿಂದೆ ಉಳಿಯುವುದು ಇದ್ದಿಲು, ಅದು ಕೆಂಡವಾಗಿ ನಿಧಾನಕ್ಕೆ ಉರಿಯುತ್ತದೆ. ಹೊರಟ ಆವಿಗೆ ಬಿಸಿಯಿರುವಾಗಲೇ ಗಾಳಿ ಸಿಗದಿದ್ದರೆ ಅದು ತಣ್ಣಗಾಗಿ ಹೊಗೆಯಾಗುತ್ತದೆ. ಕಣ್ಣಿಗೆ ಉರಿ, ಪಾತ್ರೆಗೆ ಮಸಿ, ಎದೆಗೆ ಕೆಮ್ಮು ತರುವ ಹೊಗೆ ಹಾಗೆ ನೋಡಿದರೆ ಉರಿಯದೆ ದಂಡವಾದ ಇಂಧನ. ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು, ಅಂದರೆ ಸುಮಾರು 5 ಸಾವಿರ ಲೀಟರ್. ಒಲೆಯ ಸುತ್ತ ಅಷ್ಟು ಗಾಳಿಗೇನೂ ಬರವಿಲ್ಲ. ಅದು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಬಾರದಿರುವುದೇ ತೊಂದರೆ.

ಹಾಗಾದರೆ ಊದಿದರಾಯಿತಲ್ಲ? ಕಮ್ಮಾರ ತಿದಿ ಒತ್ತುತ್ತಾನೆ, ಅಕ್ಕಸಾಲಿ ಊದುಗೊಳವೆ ಹಿಡಿಯುತ್ತಾನೆ. 1828ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ನೀಲ್ಸನ್ ಕುಲುಮೆಗೆ ಊದುವ ಗಾಳಿಯನ್ನು ಮೊದಲೇ ಕಾಯಿಸಿದರೆ ಇಂಧನ ಬಹಳ ಉಳಿಯುತ್ತದೆಂದು ತೋರಿಸಿಕೊಟ್ಟ. ಗೋವೆಯ ಅಮೋಣೆಯಲ್ಲಿ ಬೀಡುಕಬ್ಬಿಣ ತಯಾರಿಸುವ ಊದುಕುಲುಮೆಗಳಲ್ಲೂ ನಡೆಯುವುದು ಅದೇ ಬಿಸಿಗಾಳಿಯ ಕಸುಬು. ಆದರೆ ಕಮ್ಮಾರನ ಕುಲುಮೆಯಲ್ಲಿರುವುದು ಇದ್ದಿಲು, ಊದುಕುಲುಮೆಯಲ್ಲಿರುವುದು ಕೋಕ್. ಎರಡರಿಂದಲೂ ಆವಿ ಮೊದಲೇ ಹೋಗಿರುತ್ತದೆ. ಗಾಳಿ ಕೆಂಡಕ್ಕೆ ತಾಗಿದರೆ ಸಾಕು, ಕೆಲಸವಾಯಿತು. ಅಡುಗೆ ಒಲೆಯಲ್ಲಿರುವುದು ಸೌದೆ. ಅದರ ಬುಡಕ್ಕೆ ಜೋರಾಗಿ ಊದಿದರೆ ಕೆಂಡ ಕೆರಳಿ ಇನ್ನಷ್ಟು ಆವಿ ಏಳುತ್ತದೆ, ಆ ಆವಿಗೆ ಬೇಕಾದ ಗಾಳಿ ಮಾತ್ರ ಮೇಲೆ ಇರುವುದಿಲ್ಲ. ಬೂದಿ ಹಾರುತ್ತದೆ, ಸೌದೆ ಬೇಗ ಮುಗಿಯುತ್ತದೆ, ಹೊಗೆ ಹಾಗೇ ಉಳಿಯುತ್ತದೆ. ಕುಲುಮೆಯ ವಿದ್ಯೆಯನ್ನು ಇದ್ದ ಹಾಗೇ ಅಡುಗೆಮನೆಗೆ ತರಲಾಗದ್ದು ಇದಕ್ಕೇ.

ಟಾಟಾ ಇನ್‌ಸ್ಟಿಟ್ಯೂಟಿನವರು ಮೊದಲು ಹಿಡಿದದ್ದು ಊದುವ ದಾರಿಯನ್ನಲ್ಲ, ಸೆಳೆಯುವ ದಾರಿಯನ್ನು. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದಕ್ಕೊಂದು ನೆಲೆ. ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಅಳೆದಾಗ ಬಹುಪಾಲು ಅಡುಗೆಯ ಸೌದೆಗೇ ಹೋಗುತ್ತಿರುವುದು ಕಂಡಿತು. ಅಲ್ಲಿಂದ ಬಂದದ್ದು 1980ರ ದಶಕದ ‘ಅಸ್ತ್ರ ಒಲೆ’: ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಬೆಂಕಿ ಮುಚ್ಚಿದ ಗೂಡಿನೊಳಗೆ, ಹೊಗೆ ಚಿಮಣಿಯಿಂದ ಮಾಡಿನಾಚೆಗೆ. ಕರ್ನಾಟಕದ ಎಷ್ಟೋ ಹಳ್ಳಿಗಳ ಅಡುಗೆಮನೆಯ ಗೋಡೆ ಮೊದಲ ಸಲ ಕಪ್ಪಾಗದೆ ಉಳಿದದ್ದು ಈ ಒಲೆಯಿಂದ. ಅದೇ ಕಾಲಕ್ಕೆ ಅದೇ ಸಂಸ್ಥೆಯ ಎಚ್.ಎಸ್. ಮುಕುಂದ, ಯು. ಶ್ರೀನಿವಾಸ, ಎಸ್. ದಾಸಪ್ಪ ಒಂದೇ ಪಾತ್ರೆಯ ಒಲೆಯ ಶಾಖದ ಲೆಕ್ಕವನ್ನು ಮೊದಲಿನಿಂದ ಬಿಡಿಸುತ್ತ ಕೂತಿದ್ದರು. 1988ರಲ್ಲಿ ‘ಸಾಧನಾ’ ಪತ್ರಿಕೆಯಲ್ಲಿ ಅವರ ದೀರ್ಘ ಪ್ರಬಂಧ ಬಂತು.

ಚಿಮಣಿಯ ಸೆಳೆತಕ್ಕೊಂದು ಮಿತಿಯಿದೆ. ಬಿಸಿ ಗಾಳಿ ಹಗುರ, ಹೊರಗಿನ ಗಾಳಿ ಭಾರ. ಈ ವ್ಯತ್ಯಾಸವೇ ಸೆಳೆತ. ಒಳಗಿನ ಅನಿಲ 300 ಡಿಗ್ರಿಯಷ್ಟು ಬಿಸಿಯಿದ್ದರೆ ಒಂದು ಮೀಟರ್ ಚಿಮಣಿಗೆ ಸಿಗುವ ಒತ್ತಡ ಸುಮಾರು 6 ಪಾಸ್ಕಲ್. ನೀರಿನ ಮಟ್ಟದಲ್ಲಿ ಹೇಳುವುದಾದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಆವಿಯೊಡನೆ ಗಾಳಿ ಚೆನ್ನಾಗಿ ಬೆರೆಯಬೇಕಾದರೆ ಅದು ಸಣ್ಣ ತೂತುಗಳಿಂದ ಸೆಕೆಂಡಿಗೆ 5 ಮೀಟರ್ ವೇಗದಲ್ಲಾದರೂ ನುಗ್ಗಬೇಕು. ಅದಕ್ಕೆ ಸುಮಾರು 15 ಪಾಸ್ಕಲ್ ಒತ್ತಡ ಬೇಕು. ಅಂದರೆ ಬರೀ ತೂತಿನ ಕೆಲಸಕ್ಕೇ ಎರಡೂವರೆ ಮೀಟರ್ ಚಿಮಣಿ ಬೇಕಾಯಿತು, ಸೌದೆಯ ನಡುವೆ ನುಸುಳುವ ಅಡ್ಡಿ ಬೇರೆ. ಇನ್ನೂ ದೊಡ್ಡ ತೊಡಕೆಂದರೆ, ಸೆಳೆತ ಹುಟ್ಟುವುದು ಬೆಂಕಿಯಿಂದಲೇ. ಬೆಂಕಿ ಜೋರಾದರೆ ಗಾಳಿ ಜೋರು, ಬೆಂಕಿ ಕುಂದಿದರೆ ಗಾಳಿಯೂ ಕುಂದುತ್ತದೆ. ಸಾರು ಉಕ್ಕಿತೆಂದು ಉರಿ ತಗ್ಗಿಸಲು ಕೊಳ್ಳಿ ಹಿಂದೆಳೆದರೆ, ಗಾಳಿ ಹೆಚ್ಚು ಬೇಕಾದ ಆ ಗಳಿಗೆಯಲ್ಲೇ ಅದು ಕೈಕೊಟ್ಟು ಒಲೆ ಹೊಗೆ ಕಾರುತ್ತದೆ.

ಇದಕ್ಕೆ ಬೇಕಾದ ಬುದ್ಧಿ ಇನ್ನೊಂದು ಮಗ್ಗುಲಿನಿಂದ ಬಂತು. ಮುಕುಂದರ ತಂಡ 1980ರ ದಶಕದಿಂದಲೇ ಸೌದೆಯನ್ನು ಅರೆಬರೆ ಗಾಳಿಯಲ್ಲಿ ಸುಟ್ಟು ಉರಿಯುವ ಅನಿಲವನ್ನಾಗಿಸುವ ಗ್ಯಾಸಿಫೈಯರ್‌ಗಳನ್ನು ಕಟ್ಟುತ್ತಿತ್ತು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಆ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಹಚ್ಚಿದ್ದೂ ಆಗಿತ್ತು. ಅವರ ಪ್ರಯೋಗಾಲಯದ ಹೆಸರಿನಲ್ಲಿ ದಹನ, ಅನಿಲೀಕರಣದ ಜೊತೆ ನೋದನವೂ ಇದೆ, ಅಂದರೆ ರಾಕೆಟ್ ತಳ್ಳುವ ವಿದ್ಯೆ. ಘನ ಇಂಧನದೊಳಗೆ ಉರಿಯ ಪದರ ಎಷ್ಟು ವೇಗದಲ್ಲಿ ಇಳಿಯುತ್ತದೆ ಎಂಬುದು ಅಂಥವರಿಗೆ ದಿನದ ಪ್ರಶ್ನೆ. ಅಮೆರಿಕದಲ್ಲಿ ಟಾಮ್ ರೀಡ್ ಎಂಬ ವಿಜ್ಞಾನಿ 1985ರ ಸುಮಾರಿಗೆ ಗ್ಯಾಸಿಫೈಯರನ್ನು ತಲೆಕೆಳಗು ಮಾಡಿ ಒಲೆಯಾಗಿಸುವ ಯೋಚನೆ ಮಾಡಿದ್ದರು. ಡಬ್ಬಿಯ ತುಂಬ ಸೌದೆ ಚೂರು ತುಂಬಿ, ಬೆಂಕಿಯನ್ನು ಮೇಲೆ ಹಚ್ಚಿ, ಗಾಳಿಯನ್ನು ಕೆಳಗಿನಿಂದ ಬಿಡುವುದು. ಉರಿ ಗಾಳಿಗೆ ಎದುರಾಗಿ ಕೆಳಕ್ಕೆ ಇಳಿಯುತ್ತದೆ, ಹೊರಟ ಆವಿ ಮೇಲಿನ ಬಿಸಿ ಇದ್ದಿಲ ಪದರವನ್ನು ಹಾದು ಶುದ್ಧವಾಗುತ್ತ ಡಬ್ಬಿಯ ಬಾಯಿಗೆ ಬರುತ್ತದೆ. ಅಲ್ಲಿ ಎರಡನೆಯ ಗಾಳಿ ಸಿಕ್ಕರೆ ಗ್ಯಾಸ್ ಒಲೆಯ ಹಾಗೆ ಉರಿಯುತ್ತದೆ.

ಎರಡನೆಯ ಗಾಳಿ ಸಿಗಬೇಕಾದರೆ ಫ್ಯಾನ್ ಬೇಕು. ಮನೆಯ ಒಲೆಗೆ ಹೊಂದುವಷ್ಟು ಪುಟ್ಟ, ಬ್ಯಾಟರಿಯಲ್ಲಿ ತಿರುಗುವ, ಬೆಲೆ ಕೈಗೆಟುಕುವ ಫ್ಯಾನ್ ಬಹುಕಾಲ ಪೇಟೆಯಲ್ಲಿ ಇರಲಿಲ್ಲ. ಕಂಪ್ಯೂಟರ್ ಮನೆಮನೆಗೆ ಬಂದಾಗ ಅದರ ಹೊಟ್ಟೆ ತಂಪಾಗಿಡುವ ಫ್ಯಾನ್ ಲಕ್ಷಗಟ್ಟಲೆ ತಯಾರಾಗಿ ಅಗ್ಗವಾಯಿತು. ಒಲೆಯ ದಾರಿಯೂ ತೆರೆಯಿತು.

ಫ್ಯಾನ್ ಆರಿಸುವ ಲೆಕ್ಕವನ್ನು ಹತ್ತಿರದಿಂದ ನೋಡೋಣ. ನಾಲ್ಕೈದು ಜನರ ಅಡುಗೆಗೆ ನಿಮಿಷಕ್ಕೆ ಸುಮಾರು 12 ಗ್ರಾಂ ಇಂಧನ ಉರಿದರೆ ಸಾಕು. ಅದಕ್ಕೆ 72 ಗ್ರಾಂ ಗಾಳಿ, ಅಂದರೆ ಸೆಕೆಂಡಿಗೆ ಒಂದು ಲೀಟರ್. ಇದು ಕನಿಷ್ಠ, ನಿಜದಲ್ಲಿ ತುಸು ಹೆಚ್ಚು ಕೊಡಬೇಕು. ತೂತು, ಜಾಲರಿ, ಇಂಧನದ ರಾಶಿ ಎಲ್ಲ ಸೇರಿ ಒಡ್ಡುವ ಅಡ್ಡಿ 30 ಪಾಸ್ಕಲ್ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಗಾಳಿಯನ್ನು ಅಷ್ಟು ಒತ್ತಡಕ್ಕೆ ಎದುರಾಗಿ ತಳ್ಳಲು ಬೇಕಾಗುವುದು ಒಂದು ವಾಟಿನ ನೂರರಲ್ಲಿ ಮೂರು ಪಾಲು ಮಾತ್ರ. ಪುಟ್ಟ ಫ್ಯಾನುಗಳು ತಿನ್ನುವ ಕರೆಂಟಿನಲ್ಲಿ ಬಹುಪಾಲನ್ನು ಹಾಳುಮಾಡುತ್ತವೆ, ಆದರೂ ಒಂದು ಒಂದೂವರೆ ವಾಟ್ ಧಾರಾಳ. ಒಲೆಯಲ್ಲಿ ಉರಿಯುವ ಶಾಖ 3 ಸಾವಿರ ವಾಟಿಗೂ ಮೇಲೆ. ಒಂದು ವಾಟ್ ಹಿಡಿದ ಕೈ 3 ಸಾವಿರ ವಾಟನ್ನು ಕುಣಿಸುತ್ತದೆ.

ಫ್ಯಾನಿನ ಮೇಲೆ ಬರೆದಿರುವ ಅಂಕಿ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಎದುರಿಗೆ ಏನೂ ಅಡ್ಡಿಯಿಲ್ಲದಾಗ ಬೀಸುವ ಗಾಳಿಯ ಲೆಕ್ಕ. ಬಾಯಿ ಪೂರ್ತಿ ಮುಚ್ಚಿದರೆ ಅದೇ ಫ್ಯಾನ್ ಸುಮ್ಮನೆ ತಿರುಗುತ್ತದೆ, ಗಾಳಿ ಸೊನ್ನೆ. ಒಲೆಗೆ ಬೇಕಾದದ್ದು ಈ ಎರಡರ ನಡುವಿನ ಬಿಂದು: ಒಲೆಯ ಅಡ್ಡಿಯೂ ಫ್ಯಾನಿನ ಕಸುವೂ ಸರಿತೂಗುವ ಜಾಗ. ಬೂದಿ ಕಟ್ಟಿ ಜಾಲರಿ ಬಿಗಿಯಾದರೂ ಗಾಳಿ ತೀರಾ ಕುಸಿಯದಂತೆ ಅದನ್ನು ಆರಿಸಬೇಕು. ಫ್ಯಾನ್ ಇಡುವುದು ಕೆಳಗೆ, ತಣ್ಣನೆ ಗಾಳಿಯ ಬಾಯಲ್ಲಿ. ಒಳಗೆಳೆಯುವ ಗಾಳಿಯೇ ಅದನ್ನು ಬಿಸಿಯಿಂದ ಕಾಯುತ್ತದೆ. ಮೇಲಕ್ಕೆ ಹೋಗುವ ಪಾಲು ಉರಿಯ ಗೂಡಿನ ಹೊರಮೈ ಸವರಿಕೊಂಡು ಏರುವಾಗ ಕಾಯುತ್ತದೆ. ನೀಲ್ಸನ್ನನ ಬಿಸಿಗಾಳಿ ಹೀಗೆ ಪುಕ್ಕಟೆ ಸಿಕ್ಕಂತಾಯಿತು.

ಇನ್ನು ಪಾಲಿನ ವಿಷಯ. ಒಂದು ಕಿಲೋ ಇಂಧನವನ್ನು ಅನಿಲವಾಗಿಸಲು ಸುಮಾರು ಒಂದೂವರೆ ಕಿಲೋ ಗಾಳಿ ಸಾಕು. ಉಳಿದ ನಾಲ್ಕೂವರೆ ಕಿಲೋ ಮೇಲೆ ಬೇಕು. ಹೀಗೆ ಕಾಲು ಪಾಲು ಕೆಳಗಿನಿಂದ, ಮುಕ್ಕಾಲು ಪಾಲು ಮೇಲಿನ ತೂತುಗಳಿಂದ. ಉರಿ ಏರಿಸಿ ಇಳಿಸುವಾಗ ಈ ಪ್ರಮಾಣ ಕೆಡುವುದಾದರೆ ಎರಡು ಫ್ಯಾನ್, ಎರಡು ಗುಂಡಿ, ಅದನ್ನು ಸದಾ ನೋಡಿಕೊಳ್ಳುವ ಒಬ್ಬ ಮನುಷ್ಯ, ಎಲ್ಲ ಬೇಕಾಗುತ್ತಿತ್ತು. ಬೆಂಗಳೂರಿನ ಪ್ರಯೋಗಗಳಲ್ಲಿ ಕೈಗೆ ಸಿಕ್ಕ ಮುಖ್ಯ ಸಂಗತಿ ನೆರವಿಗೆ ಬಂದದ್ದು ಇಲ್ಲಿ. ಕೆಳಗಿನ ಗಾಳಿ ಒಂದು ಮಿತಿಯೊಳಗಿರುವವರೆಗೆ, ಉರಿಯ ಪದರ ಆ ಗಾಳಿಗೆ ತಕ್ಕ ವೇಗದಲ್ಲೇ ಇಳಿಯುತ್ತದೆ. ಗಾಳಿ ಇಮ್ಮಡಿಯಾದರೆ ಇಂಧನ ಕರಗುವುದೂ ಹೆಚ್ಚುಕಡಿಮೆ ಇಮ್ಮಡಿ. ಹೊರಡುವ ಅನಿಲದ ಗುಣ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಒಂದೇ ಫ್ಯಾನ್ ಸಾಕು, ಹಂಚಿಕೆಯನ್ನು ತೂತುಗಳ ವಿಸ್ತೀರ್ಣದಲ್ಲೇ ಕೊರೆದು ನಿಲ್ಲಿಸಿಬಿಡಬಹುದು. ಗುಂಡಿ ತಿರುಗಿಸಿದರೆ ಎರಡೂ ಪಾಲು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ಉರಿ ಸ್ವಚ್ಛವಾಗಿಯೇ ಇರುತ್ತದೆ. ಬೆಂಕಿ ಗಾಳಿಯನ್ನು ಆಳುತ್ತಿದ್ದ ಒಲೆಯಲ್ಲಿ ಅಡುಗೆ ಮಾಡುವವರ ಬೆರಳು ಬೆಂಕಿಯನ್ನು ಆಳತೊಡಗಿತು.

2000ರ ದಶಕದ ನಡುವೆ ತೈಲ ಕಂಪನಿ ಬಿಪಿ ಈ ಕೆಲಸಕ್ಕೆ ಜೊತೆಯಾಯಿತು. ‘ಊರ್ಜಾ’ ಹೆಸರಿನಲ್ಲಿ ಒಲೆ ಪೇಟೆಗೆ ಬಂತು. ಸುಮಾರು 10 ಸೆಂಟಿಮೀಟರ್ ಅಗಲದ ಗೂಡು, ಒಂದು ಸಲಕ್ಕೆ ಅರ್ಧ ಕಿಲೋ ಮೇಲ್ಪಟ್ಟು ಇಂಧನ, ಒಂದು ಗಂಟೆಯಷ್ಟು ಉರಿ. ಇಂಧನವೆಂದರೆ ಹೊಲದ ಕಸಕಡ್ಡಿಯನ್ನು ಒತ್ತಿ ಮಾಡಿದ, ಕಿರುಬೆರಳಿನಂಥ ಪೆಲೆಟ್. ಒಂದೇ ಗಾತ್ರ, ಒಂದೇ ಒಣಗು ಇದ್ದದ್ದರಿಂದ ಉರಿಯ ಪದರ ಸಮನಾಗಿ ಇಳಿಯುತ್ತಿತ್ತು. ಮೇಲೆ ಒಂದಿಷ್ಟು ಸೀಮೆಎಣ್ಣೆ ಚಿಮುಕಿಸಿ ಕಡ್ಡಿ ಗೀರಿ ಫ್ಯಾನ್ ಹಾಕಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ಮೂರು ಕಲ್ಲಿನ ಒಲೆ ಶಾಖದ ಏಳೆಂಟರಲ್ಲಿ ಒಂದು ಪಾಲನ್ನು ಪಾತ್ರೆಗೆ ಮುಟ್ಟಿಸಿದರೆ ಇದು ಅರ್ಧದ ಆಸುಪಾಸು ಮುಟ್ಟಿಸುತ್ತಿತ್ತು. ಮುಕುಂದ, ದಾಸಪ್ಪ, ಪಿ.ಜೆ. ಪಾಲ್, ಎನ್.ಕೆ.ಎಸ್. ರಾಜನ್ ಮೊದಲಾದವರು 2010ರ ಮಾರ್ಚಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ವಿಜ್ಞಾನವನ್ನೆಲ್ಲ ಬಿಡಿಸಿಟ್ಟರು. ಅಷ್ಟು ಹೊತ್ತಿಗೆ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಸೇರಿದಂತೆ ಕೆಲವು ರಾಜ್ಯಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮಾರಾಟವಾಗಿದ್ದವು.

ಅಷ್ಟರಲ್ಲೇ ಕತೆ ತಿರುಗತೊಡಗಿತ್ತು. ಬಿಪಿ 2009ರಲ್ಲಿ ಈ ವಹಿವಾಟಿನಿಂದ ಹೊರಬಂತು, ವಹಿವಾಟು ಪುಣೆಯ ಫಸ್ಟ್ ಎನರ್ಜಿ ಕಂಪನಿಯ ಕೈಸೇರಿತು. ಹೊಲದ ಕಸಕ್ಕೆ ಕಾರ್ಖಾನೆಗಳ ಬಾಯ್ಲರುಗಳಿಂದಲೂ ಬೇಡಿಕೆ ಬಂದು ಪೆಲೆಟ್ ಬೆಲೆ ಏರಿತು. ಹಿತ್ತಿಲಲ್ಲಿ ಪುಕ್ಕಟೆ ಸಿಗುವ ಪುಳ್ಳೆ ಈ ಒಲೆಗೆ ಆಗಿಬರುತ್ತಿರಲಿಲ್ಲ. ಅನ್ನ ಅರ್ಧ ಬೆಂದಾಗ ಇಂಧನ ಮುಗಿದರೆ ನಡುವೆ ಹಾಕುವಂತಿರಲಿಲ್ಲ, ಮತ್ತೆ ತುಂಬಿ ಮತ್ತೆ ಹಚ್ಚಬೇಕಿತ್ತು. ಕೊಂಡವರಲ್ಲಿ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ಅದನ್ನು ಬದಿಗಿಟ್ಟರು. ಕಂಪನಿ ಹೋಟೆಲು, ದೊಡ್ಡ ಅಡುಗೆಮನೆಗಳ ಒಲೆಗಳತ್ತ ಹೊರಳಿತು. ಹಳ್ಳಿಯ ಮನೆಗಳಿಗೆ 2016ರಿಂದ ಉಜ್ವಲಾ ಯೋಜನೆಯ ಸಿಲಿಂಡರ್ ಬಂತು.

ಒಲೆ ಮೂಲೆ ಸೇರಿದರೂ ಪಾಠ ಪ್ರಯೋಗಾಲಯಕ್ಕೆ ಮರಳಿತು. ಜೈನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮುಂದುವರಿಸಿದ ಮುಕುಂದರು ಮತ್ತು ಅವರ ಜೊತೆಗಾರರು ಗೂಡನ್ನು ಅಡ್ಡಲಾಗಿ ಮಲಗಿಸಿದರು. ಬದಿಯಿಂದ ಸೌದೆಯನ್ನು ಬೇಕೆಂದಾಗ ತಳ್ಳುತ್ತಿರಬಹುದು, ಫ್ಯಾನಿನ ಗಾಳಿ ಚಿಮ್ಮುವ ರಭಸವೇ ಇನ್ನಷ್ಟು ಹೊರಗಾಳಿಯನ್ನು ಸೆಳೆದುಕೊಂಡು ಒಳಗೆ ನುಗ್ಗುತ್ತದೆ. ಪೆಲೆಟ್ಟಿಗೆ ಕಟ್ಟಿಹಾಕಿದ್ದ ಒಲೆಯನ್ನು ಮತ್ತೆ ಸೌದೆಗೆ ಬಿಟ್ಟುಕೊಡುವ ವಿನ್ಯಾಸ ಇದು. ಅನಿಲವಾಗಲು ಬೇಕಾದ ಗಾಳಿಯೇ ಬೇರೆ, ಉರಿಯಲು ಬೇಕಾದ ಗಾಳಿಯೇ ಬೇರೆ ಎಂಬ ಮೂಲ ಲೆಕ್ಕ ಹಾಗೇ ಇದೆ. ಬೆಲ್ಲದ ಗಾಣದ ಒಲೆ, ಅಡಿಕೆ ಬೇಯಿಸುವ ಹಂಡೆಯ ಒಲೆ, ಗೋವೆಯ ಫೆನ್ನಿ ಭಟ್ಟಿ, ಬಿಸಿಯೂಟದ ಒಲೆ, ಸಿಲಿಂಡರ್ ಸುಲಭದಲ್ಲಿ ಪೂರೈಸದ ಇಂಥ ಬೆಂಕಿಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ಅವುಗಳಿಗೆ ಬ್ಲೋವರ್ ಕೂರಿಸಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಫ್ಯಾನ್ ಎಷ್ಟು ದೊಡ್ಡದಿರಬೇಕು ಎಂಬುದಲ್ಲ. ಗಾಳಿಯ ಎಷ್ಟು ಪಾಲು ಕೆಳಗೆ, ಎಷ್ಟು ಪಾಲು ಮೇಲೆ; ಒಲೆಗೆ ಹಾಕುವ ಇಂಧನ ಆ ಊರಿನಲ್ಲೇ, ಅಲ್ಲಿನವರಿಗೆ ಗಿಟ್ಟುವ ಬೆಲೆಗೆ ಸಿಗುತ್ತದೆಯೇ. ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಫ್ಯಾನನ್ನು ಪೇಟೆಯಿಂದ ತಂದರಾಯಿತು.