ಬಾದಾಮಿಯ ಬಂಡೆಯಲ್ಲೊಂದು ನವೆಂಬರ್ ಒಂದು

ನವೆಂಬರ್ 1 ಎಂದರೆ ಕನ್ನಡಿಗರಿಗೆ ರಾಜ್ಯೋತ್ಸವ. 1956ರಲ್ಲಿ ಆ ದಿನ, ಅದುವರೆಗೆ ಮುಂಬಯಿ ರಾಜ್ಯದಲ್ಲಿದ್ದ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರೊಡನೆ ಬಾದಾಮಿ, ಬಾಗಲಕೋಟೆ, ಹುನಗುಂದಗಳೂ ಬಂದವು. ಆದರೆ ಬಾದಾಮಿಗೆ ಈ ತಾರೀಖಿನ ನಂಟು ಅದಕ್ಕೂ 1378 ವರ್ಷ ಹಿಂದಿನದು.

ಊರಿನವರು ಮೇಣಬಸದಿ ಎಂದು ಕರೆಯುವ ಗುಹಾಲಯಗಳಲ್ಲಿ ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಸಂಸ್ಕೃತ ಶಾಸನವೊಂದಿದೆ. ಚಾಲುಕ್ಯ ದೊರೆ ಒಂದನೇ ಕೀರ್ತಿವರ್ಮನ ತಮ್ಮ ಮಂಗಲೇಶ ಈ ವಿಷ್ಣುಗೃಹವನ್ನು ಮಾಡಿಸಿ, ಅದರ ಪುಣ್ಯವನ್ನು ಅಣ್ಣನಿಗೆ ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. (ಇದೇ ಮಂಗಲೇಶ ಮುಂದೆ ಆ ಅಣ್ಣನ ಮಗ ಇಮ್ಮಡಿ ಪುಲಕೇಶಿಯೊಡನೆ ಸಿಂಹಾಸನಕ್ಕಾಗಿ ಕಾದಾಡಿ ಅಳಿದ. ಆ ಕಥೆ ಹುನಗುಂದ ತಾಲ್ಲೂಕಿನ ಐಹೊಳೆಯ ಶಾಸನದಲ್ಲಿದೆ.) ಶಾಸನ ಕೊಡುವ ಕಾಲ ಹೀಗೆ: ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ, ಶಕ ವರ್ಷ 500 ಕಳೆದ ಮೇಲೆ ಬಂದ ಕಾರ್ತಿಕ ಹುಣ್ಣಿಮೆ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 578. ಆ ಹುಣ್ಣಿಮೆಯನ್ನು ತಾರೀಖಿಗೆ ಇಳಿಸಿದರೆ ನವೆಂಬರ್ 1. ಕೆಲವರ ಗಣಿತದಲ್ಲಿ ಅದು ಒಂದು ದಿನ ಹಿಂದೆ, ಅಕ್ಟೋಬರ್ 31.

ಇಷ್ಟಕ್ಕೇ ಹಿಗ್ಗಬೇಕಾಗಿಲ್ಲ. ವಿದ್ವಾಂಸರು ಹೇಳುವ ಈ ತಾರೀಖು ಹಳೆಯ ಜೂಲಿಯನ್ ಕ್ಯಾಲೆಂಡರಿನದು. 1582ರಲ್ಲಿ ಜಾರಿಗೆ ಬಂದ, ಈಗ ನಮ್ಮ ಗೋಡೆಯ ಮೇಲಿರುವ ಗ್ರೆಗೋರಿಯನ್ ಲೆಕ್ಕಕ್ಕೆ ತಂದರೆ ಅದು ನವೆಂಬರ್ 3 ಆಗುತ್ತದೆ. ಚಂದ್ರನನ್ನು ಕೇಳಿದರೂ ತಾಳೆಯಾಗದು: ಮಂಗಲೇಶನದು ಹುಣ್ಣಿಮೆ, 1956ರ ನವೆಂಬರ್ 1 ದೀಪಾವಳಿ ಅಮಾವಾಸ್ಯೆಯ ಮುನ್ನಾದಿನ. ಆ ದಿನವನ್ನು ಗೊತ್ತುಮಾಡಿದ್ದೂ ಬಾದಾಮಿಯ ನೆನಪಿನಿಂದಲ್ಲ. ಅದು ದಿಲ್ಲಿಯ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ದಿನ. ಕೇರಳ, ಆಂಧ್ರಪ್ರದೇಶಗಳೂ ಅಂದೇ ಹುಟ್ಟಿದವು.

ಕಾಕತಾಳೀಯವೇ ಇರಲಿ, ಆ ಹುಣ್ಣಿಮೆಯ ಬೆಲೆ ಬೇರೆಯೇ ಇದೆ. ಬಾದಾಮಿಯ ಗುಹಾಲಯಗಳಲ್ಲಿ ಕಾಲ ನಮೂದಾಗಿರುವುದು ಇದೊಂದರಲ್ಲೇ. ಉಳಿದ ಗುಹೆಗಳು ಇದಕ್ಕಿಂತ ಹಿಂದಿನವೋ ಮುಂದಿನವೋ ಎಂಬ ಚರ್ಚೆಗೆಲ್ಲ ಇದೇ ಗೂಟ. ದಖ್ಖನಿನ ಬೇರೆಡೆಯ ಶಿಲ್ಪಗಳ ಕಾಲವನ್ನು ಅಳೆಯುವವರೂ ಇಲ್ಲಿಗೇ ಬರುತ್ತಾರೆ.

ಅಲ್ಲೇ ಮಂಗಲೇಶನದೇ ಒಂದು ಪುಟ್ಟ ಕನ್ನಡ ಶಾಸನವೂ ಇದೆ; ಅದರಲ್ಲಿ ತಿಥಿಯಿಲ್ಲ. ಲಂಜಿಗೇಸರ ಎಂಬ ಊರನ್ನು ದೇವರಿಗೆ ಬಿಟ್ಟದ್ದು, ಹೂಮಾಲೆ ಕಟ್ಟುವವರಿಗೂ ಪಾಲು ಕೊಟ್ಟದ್ದು ಅದರ ವಿಷಯ. ಸಂಸ್ಕೃತದಲ್ಲಿ ವಿಷ್ಣುಗೃಹವಾದದ್ದು ಇಲ್ಲಿ ಬರೀ 'ಕಲ್ಮನೆ'. ಈ ಮಾತನ್ನು ಇಂದಿನ ಬಾದಾಮಿಯ ಶಾಲೆಯ ಹುಡುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ.