ಮೇದೋಜೀರಕದ ಉರಿಯೂತ: ದಡ ಸೇರುವ ಮುನ್ನ ಕಳೆದುಹೋಗುವ ಹೊತ್ತು

ಉತ್ತರ ಚೆನ್ನೈನ ಕಾಸಿಮೇಡು ಬಂದರಿನಿಂದ ಹೊರಡುವ ಟ್ರಾಲರ್‌ಗಳು ದಿನಗಟ್ಟಲೆ ಕಡಲಲ್ಲೇ ಉಳಿಯುವುದರಿಂದ, ಅಲ್ಲಿ ದುಡಿಯುವವರಿಗೆ ಮೇಲ್ಹೊಟ್ಟೆಯಲ್ಲಿ ಹಠಾತ್ತನೆ ಎದ್ದು ಬೆನ್ನಿಗೆ ಹರಿಯುವ ನೋವು ದಡ ಮುಟ್ಟಿದ ಬಳಿಕವಷ್ಟೇ ವೈದ್ಯರ ಗಮನಕ್ಕೆ ಬರುವ ಸಂಭವ ಹೆಚ್ಚು. ಮಲಗಿದರೆ ಹೆಚ್ಚುವ, ಮುಂದಕ್ಕೆ ಬಾಗಿ ಕುಳಿತರೆ ತುಸು ತಗ್ಗುವ, ವಾಂತಿಯಾದರೂ ಶಮನವಾಗದ ಈ ನೋವನ್ನು ಗ್ಯಾಸ್ಟ್ರಿಕ್ ಎಂದೆಣಿಸಿ ಮಾತ್ರೆ ನುಂಗಿ ಸುಮ್ಮನಾಗುವುದು ಸುಲಭ.

ಜಠರದ ಹಿಂದೆ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ, ಜೀರ್ಣಕಿಣ್ವಗಳು ಸಣ್ಣಕರುಳನ್ನು ತಲುಪಿದ ಮೇಲೆ ಚುರುಕಾಗಬೇಕು. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡಬಂದಾಗ ಅಥವಾ ಅತಿಯಾದ ಮದ್ಯಸೇವನೆಯಿಂದ ಅವು ಗ್ರಂಥಿಯೊಳಗೇ ಚುರುಕಾಗಿ ಅದನ್ನೇ ಜೀರ್ಣಿಸತೊಡಗುತ್ತವೆ. ರಕ್ತದಲ್ಲಿ ಲೈಪೇಸ್ ಕಿಣ್ವ ಸಹಜ ಮಿತಿಯ ಮೂರು ಪಟ್ಟು ಮೀರಿದ್ದು, ನೋವೂ ಇದೇ ಬಗೆಯದಾಗಿದ್ದರೆ ರೋಗ ಖಚಿತವಾಗುತ್ತದೆ.

ಈ ಉರಿಯೂತವನ್ನು ತಡೆದು ನಿಲ್ಲಿಸುವ ಔಷಧಿ ಇಂದಿಗೂ ಇಲ್ಲ. ಹೀಗಾಗಿ ಮೊದಲ ಎರಡು ಮೂರು ದಿನ ರಕ್ತನಾಳಗಳಿಂದ ಸೋರಿಹೋಗುವ ದ್ರವವನ್ನು ರಿಂಗರ್ ಲ್ಯಾಕ್ಟೇಟ್‌ನಂಥ ಡ್ರಿಪ್ ಮೂಲಕ ತುಂಬುವುದು, ನೋವು ತಗ್ಗಿಸುವುದು, ಸಾಧ್ಯವಾದಷ್ಟು ಬೇಗ ಬಾಯಿಂದ ಆಹಾರ ಕೊಡುವುದು, ಇವೇ ಚಿಕಿತ್ಸೆಯ ತಿರುಳಾಗಿವೆ. ಹೆಚ್ಚು ಡ್ರಿಪ್ ಕೊಟ್ಟಷ್ಟೂ ಒಳಿತೆಂಬ ಹಳೆಯ ನಂಬಿಕೆಯನ್ನು ಭಾರತದ ರೋಗಿಗಳೂ ಒಳಗೊಂಡಿದ್ದ, 2022ರಲ್ಲಿ ಪ್ರಕಟವಾದ 'ವಾಟರ್‌ಫಾಲ್' ಅಧ್ಯಯನ ಅಲುಗಾಡಿಸಿತು: ಧಾರಾಳವಾಗಿ ಕೊಟ್ಟವರಲ್ಲಿ ಶೇ 20.5 ಮಂದಿಗೆ ದೇಹದಲ್ಲಿ ದ್ರವ ಮಿತಿಮೀರಿದರೆ, ಹಿತಮಿತವಾಗಿ ಕೊಟ್ಟವರಲ್ಲಿ ಆ ಪ್ರಮಾಣ ಶೇ 6.3 ಮಾತ್ರ. ಆದರೆ ಬಿಸಿಲಲ್ಲಿ ವಾಂತಿ ಮಾಡುತ್ತಾ ಬತ್ತಿಹೋಗಿ ಬಂದ ದೋಣಿ ಕಾರ್ಮಿಕನಿಗೆ ಆರಂಭದಲ್ಲಿ ತುಸು ಹೆಚ್ಚೇ ಬೇಕಾಗುತ್ತದೆ. ಆದ್ದರಿಂದ ಗಂಟೆಗಂಟೆಗೂ ಮೂತ್ರ ಅಳೆದು, ನಾಡಿ, ಉಸಿರಾಟ ಗಮನಿಸಿ ಡ್ರಿಪ್‌ನ ವೇಗ ಬದಲಿಸುವ ದಾದಿಯರ ಎಚ್ಚರಕ್ಕೆ ಇಲ್ಲಿ ಯಾವ ಯಂತ್ರವೂ ಸಾಟಿಯಲ್ಲ.

ಐವರಲ್ಲಿ ಸುಮಾರು ನಾಲ್ವರು ಹೀಗೆಯೇ ಚೇತರಿಸಿಕೊಳ್ಳುತ್ತಾರೆ. ಉಳಿದವರಲ್ಲಿ ಕೆಲವರ ಶ್ವಾಸಕೋಶ, ಮೂತ್ರಪಿಂಡಗಳ ವೈಫಲ್ಯ 48 ಗಂಟೆ ಮೀರಿ ಮುಂದುವರಿದು ಜೀವಕ್ಕೇ ಕುತ್ತಾದೀತು. ಗ್ರಂಥಿಯ ಸತ್ತ ಭಾಗಕ್ಕೆ ಸೋಂಕು ತಗುಲಿದರೂ ಅವಸರದ ಶಸ್ತ್ರಚಿಕಿತ್ಸೆಗಿಂತ ಮೊದಲು ಕೊಳವೆಯಿಂದ ಕೀವು ಬಸಿಯುವ ಹಂತಹಂತದ ಕ್ರಮವೇ ಮೇಲೆಂದು 2010ರ ಡಚ್ ಅಧ್ಯಯನ ತೋರಿಸಿತು.

ಕಾಸಿಮೇಡಿಗೆ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆ ಹತ್ತಿರದಲ್ಲೇ ಇದೆ, ದೂರವಿರುವುದು ದೋಣಿ. ಹೀಗಾಗಿ ಇಂಥ ನೋವು ಎದ್ದೊಡನೆ ಬಲೆ ಎತ್ತಿ ಹಿಂದಿರುಗಬೇಕೆಂಬ ತಿಳಿವಳಿಕೆ ದೋಣಿ ನಡೆಸುವವರಿಗೆ ಇರಲೇಬೇಕು. ಕಲ್ಲಿನಿಂದ ಸೌಮ್ಯ ಉರಿಯೂತವಾದವರು ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಸಿಕೊಳ್ಳುವುದು ಕ್ಷೇಮ. ದುಡಿಮೆ ತಪ್ಪುತ್ತದೆಂದು ಅದನ್ನು ಏಪ್ರಿಲ್ 15ರಿಂದ ಜೂನ್ 14ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಿಗೆ ಮುಂದೂಡಿದರೆ, ಅಷ್ಟರೊಳಗೆ ನಡುಗಡಲಲ್ಲೇ ಉರಿಯೂತ ಮರುಕಳಿಸಬಹುದು.