ಬಿಜಾಪುರ ಮೊದಲು ಅಚ್ಚಾದ ಪುಟ

ಪ್ರಥಮ ಮುದ್ರಣ ಎಂಬ ಮಾತು ಕಿವಿಗೆ ಬಿದ್ದರೆ ಹಳೆಯ ಪುಸ್ತಕ ಕೂಡಿಡುವವರು ಎದ್ದು ಕೂಡುತ್ತಾರೆ. ಕಡಲಯಾನದ ಕಥನಗಳ ವಿಷಯದಲ್ಲಂತೂ ಈ ಹುಚ್ಚು ಒಂದು ತೂಕ ಜಾಸ್ತಿಯೇ. ಇಂಗ್ಲಿಷರ ಸಮುದ್ರಯಾನಗಳ ವೃತ್ತಾಂತಗಳನ್ನು ರಿಚರ್ಡ್ ಹ್ಯಾಕ್ಲೂಟ್ ಎಂಬ ಪಾದ್ರಿ ಒಟ್ಟುಗೂಡಿಸಿ 1589ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆ ದಪ್ಪ ಸಂಪುಟ ಹರಾಜಿಗೆ ಬಂದರೆ ನಮ್ಮಂಥವರು ಬೆಲೆ ಕೇಳುವ ಗೋಜಿಗೂ ಹೋಗಬಾರದು. ಆದರೆ ಅದನ್ನು ಯಾರಾದರೂ ಪುಕ್ಕಟೆ ತಂದುಕೊಟ್ಟರೂ ನನ್ನ ಕೆಲಸ ಆಗುವುದಿಲ್ಲ. ಬಿಜಾಪುರವನ್ನು ಕಣ್ಣಾರೆ ಕಂಡ ಇಂಗ್ಲಿಷ್ ವ್ಯಾಪಾರಿ ರಾಲ್ಫ್ ಫಿಚ್ ತನ್ನ ದೇಶಕ್ಕೆ ಮರಳಿದ್ದೇ 1591ರಲ್ಲಿ. ಅವನ ಕಥನ ಸೇರಿದ್ದು ಎರಡನೇ ಆವೃತ್ತಿಗೆ. 1598ರಿಂದ 1600ರವರೆಗೆ ಹೊರಬಂದ ಮೂರು ಸಂಪುಟಗಳ ಪೈಕಿ ಎರಡನೆಯದರಲ್ಲಿ, 1599ರಲ್ಲಿ. ಲಂಡನ್ನಿನ ಸಂಗ್ರಾಹಕನಿಗೆ ಅದು ಎರಡನೇ ಆವೃತ್ತಿ. ಬಿಜಾಪುರ ಸೀಮೆಯ ಆಲಮೇಲದಲ್ಲಿ ಕೂತ ನನ್ನಂಥವನಿಗೆ ಅದೇ ಮೊದಲನೆಯದು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ನನ್ನ ಕಪಾಟು ನೋಡಿದವರು ಕೇಳುವ ಪ್ರಶ್ನೆ ಒಂದೇ. ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯವನು ಅದನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿದ: “ಮಾಸ್ತರ್ರ, ಕುಡಿಯೂ ನೀರಿಗಿ ಭೀಮಿ ಕಡೆ ಮಾರಿ ಮಾಡೂ ಮಂದಿ ನಾವು. ನಿಮಗ್ಯಾಕ್ರಿ ಈ ಸಮುದ್ರದ ಉಸಾಬರಿ?”

“ನಮ್ಮ ಸುಲ್ತಾನಗ ಸಮುದ್ರ ಇತ್ತಪಾ,” ಎಂದೆ.

ಇದ್ದದ್ದು ನಿಜ. ಗೋವೆ 1510ರವರೆಗೆ ಆದಿಲಶಾಹಿಗಳ ಬಂದರು. ಹೊರ್ಮುಜಿನಿಂದ ಹಡಗೇರಿ ಬಂದ ಕುದುರೆಗಳು ಅಲ್ಲಿ ಇಳಿದು, ಘಟ್ಟ ಹತ್ತಿ, ಬಿಜಾಪುರದ ಲಾಯಕ್ಕೆ ಬರುತ್ತಿದ್ದವು. ಆ ವರ್ಷ ಪೋರ್ಚುಗೀಸರ ಆಲ್ಬುಕರ್ಕ್ ಗೋವೆಯನ್ನು ಗೆದ್ದ, ಕೆಲವೇ ತಿಂಗಳಲ್ಲಿ ಕಳೆದುಕೊಂಡ, ನವೆಂಬರ್ 25ಕ್ಕೆ ಮತ್ತೆ ಹಿಡಿದ. ಆಮೇಲೆ ಅದು ನಮ್ಮ ಕಡೆ ಹೊರಳಲಿಲ್ಲ. ಗೋವೆಗೆ ಬಂದಿಳಿದ ಯುರೋಪಿಯನ್ನರಿಗೆಲ್ಲ ಘಟ್ಟದ ಆಚೆ ಕಾಣುತ್ತಿದ್ದ ದೊಡ್ಡ ರಾಜ್ಯ ಬಿಜಾಪುರವೇ. ಹಾಗಾಗಿ ಅವರ ಕಡಲ ಪುಸ್ತಕಗಳಲ್ಲಿ ನಮ್ಮ ಒಣಭೂಮಿ ಮತ್ತೆ ಮತ್ತೆ ತಲೆ ಹಾಕುತ್ತದೆ. ಹುಡುಕುವಾಗ ಒಂದು ಉಪಾಯ ಗೊತ್ತಿರಬೇಕು: ಕ್ಯಾಟಲಾಗಿನಲ್ಲಿ ಬಿಜಾಪುರ ಎಂದು ನೋಡಿದರೆ ಏನೂ ಸಿಗುವುದಿಲ್ಲ. ಪೋರ್ಚುಗೀಸರು ನಮ್ಮ ದೊರೆಯನ್ನು ಕರೆಯುತ್ತಿದ್ದ ‘ಹಿದಾಲ್ಕಾವ್’, ‘ಇದಾಲ್ಕಾನ್’ ಎಂಬ ಹೆಸರುಗಳನ್ನು ಹಿಡಿದು ಹೋಗಬೇಕು.

ನಮ್ಮ ಬಗ್ಗೆ ಬರೆದ ಈ ಯುರೋಪಿಯನ್ನರಲ್ಲಿ ಹಿರಿಯ ಲುಡೋವಿಕೊ ಡಿ ವರ್ಥೆಮಾ, ಬೊಲೊನ್ಯಾ ಊರಿನವನು. ಅವನ ಪ್ರವಾಸ ಕಥನ ರೋಮಿನಲ್ಲಿ ಅಚ್ಚಾದದ್ದು 1510ರ ಡಿಸೆಂಬರಿನಲ್ಲಿ. ಗೋವೆ ಕೈತಪ್ಪಿ ಹದಿನೈದು ದಿನವೂ ಆಗಿರಲಿಲ್ಲ, ಆ ಸುದ್ದಿ ಇನ್ನೂ ಹಡಗನ್ನೇ ಹತ್ತಿರಲಿಕ್ಕಿಲ್ಲ. ಗೋವೆಯಿಂದ ಒಳನಾಡಿಗೆ ಬಂದು ಅವನು ಕಂಡ ‘ದಕನ್’ ಎಂಬ ಪಟ್ಟಣ ಬಿಜಾಪುರವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಯ ದೊರೆಯ ಊಳಿಗದವರು ಜೋಡಿನ ಮೇಲೆ ಮಾಣಿಕ್ಯ, ವಜ್ರ ಕೂಡಿಸಿಕೊಂಡಿರುತ್ತಾರೆ ಎಂದು ಬರೆದ. ಕಾಲಲ್ಲೇ ಇಷ್ಟಿದ್ದರೆ ಕಿವಿ, ಬೆರಳುಗಳಲ್ಲಿ ಎಷ್ಟಿರಬೇಡ ಎಂಬ ಧಾಟಿ. ಅರ್ಧ ನಂಬುತ್ತೇನೆ. ವರ್ಥೆಮಾ ತುಸು ಬಣ್ಣ ಬಳಿಯುವ ಆಸಾಮಿ.

ಫಿಚ್ ಬಣ್ಣ ಬಳಿಯುವವನಲ್ಲ, ಲೆಕ್ಕದವನು. 1583ರಲ್ಲಿ ‘ಟೈಗರ್’ ಎಂಬ ಹಡಗಿನಲ್ಲಿ ಗೆಳೆಯರೊಡನೆ ಹೊರಟು, ಹೊರ್ಮುಜಿನಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕು, ಗೋವೆಯ ಸೆರೆಮನೆ ಸೇರಿದ. ಮರಾಠಿಯಲ್ಲಿ ‘ಕ್ರಿಸ್ತಪುರಾಣ’ ಬರೆದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ನೆರವಿಗೆ ಬಂದು ಜಾಮೀನಿನ ಮೇಲೆ ಬಿಡಿಸಿದ. 1584ರ ಏಪ್ರಿಲಿನಲ್ಲಿ ಫಿಚ್, ಜಾನ್ ನ್ಯೂಬೆರಿ ಮತ್ತು ರತ್ನಪಡಿ ವ್ಯಾಪಾರಿ ವಿಲಿಯಂ ಲೀಡ್ಸ್ ಗೋವೆಯಿಂದ ತಪ್ಪಿಸಿಕೊಂಡು ಬೆಳಗಾವಿಗೆ, ಅಲ್ಲಿಂದ ಬಿಜಾಪುರಕ್ಕೆ, ಮುಂದೆ ಗೋಲ್ಕೊಂಡಕ್ಕೆ ಓಡಿದರು. ಬಿಜಾಪುರದ ಬಗ್ಗೆ ಫಿಚ್ ಬರೆದದ್ದು ಕೆಲವೇ ಸಾಲು: ದೊಡ್ಡ ಊರು, ಎತ್ತರದ ಚೆಂದದ ಕಲ್ಲಿನ ಮನೆಗಳು, ಯುದ್ಧದ ಆನೆಗಳು, ಬಂಗಾರ ಬೆಳ್ಳಿ ಧಾರಾಳ, ಗಿಡಮರಗಳ ನಡುವೆ ಆಕಳು, ಮಂಗ, ಎಮ್ಮೆ, ನವಿಲಿನ ಆಕಾರದ ದೇವರುಗಳು. ಗೋಳಗುಮ್ಮಟ ಇಲ್ಲ, ಇಬ್ರಾಹಿಂ ರೋಜಾ ಇಲ್ಲ. ಎರಡೂ ಇನ್ನೂ ಕಟ್ಟಿರಲಿಲ್ಲ. ಸಿಂಹಾಸನದ ಮೇಲಿದ್ದ ಎರಡನೇ ಇಬ್ರಾಹಿಂ ಆದಿಲಶಾಹ ಇನ್ನೂ ಹುಡುಗ. ಇವತ್ತೂ ಬಿಜಾಪುರದಿಂದ, ಈಗಿನ ವಿಜಯಪುರದಿಂದ, ಹೈದರಾಬಾದಿನ ದಾರಿ ಹಿಡಿದರೆ ನಮ್ಮ ಪಕ್ಕದ ಸಿಂದಗಿ ಸಿಗುತ್ತದೆ. ಫಿಚ್ ಯಾವ ದಾರಿ ಹಿಡಿದನೋ, ಹೇಳಲಿಲ್ಲ. ಈ ವ್ಯಾಪಾರಿಗಳು ಬೆಲೆ ಬರೆಯುತ್ತಾರೆ, ಹಳ್ಳಿಯ ಹೆಸರು ಬರೆಯುವುದಿಲ್ಲ.

ಇದೇ ಇಂಗ್ಲಿಷರ ಪಾಡನ್ನು ಗೋವೆಯಲ್ಲೇ ನೋಡಿ ಬರೆದಿಟ್ಟ ಇನ್ನೊಬ್ಬನಿದ್ದಾನೆ: ಡಚ್ಚರ ಯಾನ್ ಹೌಖೆನ್ ಫಾನ್ ಲಿನ್ಸ್‌ಖೋಟೆನ್. 1583ರಿಂದ ಐದು ವರ್ಷ ಗೋವೆಯ ಆರ್ಚ್‌ಬಿಷಪ್ಪರ ಕಾರಕೂನನಾಗಿದ್ದ. ದಿನವೂ ಕಾಗದ ಬರೆಯುವ ಕೆಲಸ, ಸುತ್ತ ಪೋರ್ಚುಗೀಸರ ಕಡಲ ಗುಟ್ಟುಗಳು. ಊರಿಗೆ ಹೋಗಿ ಎಲ್ಲವನ್ನೂ ಅಚ್ಚು ಹಾಕಿಸಿಬಿಟ್ಟ. ಡಚ್ಚರ ಹಡಗುಗಳು ಆ ಪುಸ್ತಕದ ದಾರಿ ಹಿಡಿದೇ ಪೂರ್ವಕ್ಕೆ ಬಂದವು. ‘ಇಟಿನೆರಾರಿಯೊ’ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾರ್ನೆಲಿಸ್ ಕ್ಲಾಸ್ ಎಂಬ ಪ್ರಕಾಶಕನಿಂದ 1596ರಲ್ಲಿ ಹೊರಟಿತು. ಅದರಲ್ಲಿ ಒಂದು ಸೋಜಿಗವಿದೆ. ಪುಸ್ತಕದ ಭಾಗಗಳಿಗೆ ಬೇರೆ ಬೇರೆ ಶೀರ್ಷಿಕೆ ಪುಟ. ನೌಕಾಮಾರ್ಗಗಳ ಭಾಗದ ಮೇಲೆ 1595 ಎಂದಿದೆ. ಹಡಗು ಹೊರಡುವ ಅವಸರಕ್ಕೆ ಆ ಭಾಗವನ್ನು ಮೊದಲು ಮುದ್ರಿಸಿದ್ದರು. ಹೊಸಬರು ಇದನ್ನು ನೋಡಿ ಎರಡು ಪುಸ್ತಕ ಸೇರಿಸಿ ಹೊಲಿದಿದ್ದಾರೆ ಎಂದು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಹಾಗಿದ್ದರೇ ಸರಿ. ಗಾಬರಿಯಾಗಬೇಕಾದದ್ದು ಚಿತ್ರಗಳಿಲ್ಲದಾಗ. ಗೋವೆಯ ಸಂತೆಬೀದಿಯ ಆ ಅಗಲವಾದ ತಾಮ್ರಪಟದ ಚಿತ್ರವನ್ನು ಕಿತ್ತು, ಚೌಕಟ್ಟು ಹಾಕಿ ಮಾರಿದರೆ ಬಿಡಿಯಾಗಿಯೇ ದುಡ್ಡು. ಒಬ್ಬ ವ್ಯಾಪಾರಿ, ಹೆಸರು ಬೇಡ, ಎಲ್ಲ ಚಿತ್ರ ಸಹಿತ ಎಂದು ಬರೆದು ಕಳಿಸಿದ ಬೇರೊಂದು ಪ್ರವಾಸ ಗ್ರಂಥದಲ್ಲಿ ಬ್ಲೇಡಿನಿಂದ ಕೊಯ್ದ ಅಂಚುಗಳು ಮಾತ್ರ ಸಾಲಾಗಿ ನಿಂತಿದ್ದವು. ಅಂಥ ಬಿಡಿ ಚಿತ್ರವನ್ನು ನಾನು ಕೊಳ್ಳುವುದಿಲ್ಲ. ಕೊಂಡರೆ ಮುಂದಿನ ಪುಸ್ತಕಕ್ಕೆ ನಾನೇ ಬ್ಲೇಡು ಕೊಟ್ಟಂತೆ.

ಮೇಷ್ಟ್ರಾದ ನನಗೆ ಎಲ್ಲರಿಗಿಂತ ಹತ್ತಿರದವನು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮಿನ ಈ ಸಿರಿವಂತ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ಕು ಹುಡುಗರು ಕೂತು ಲೆಕ್ಕ ಕಲಿಯುವುದನ್ನು ನೋಡಿ ನಿಂತುಬಿಟ್ಟ. ಒಬ್ಬ ರಾಗವಾಗಿ ಹೇಳುತ್ತಾನೆ, ಹೇಳುತ್ತಲೇ ನೆಲದ ಮೇಲೆ ಹರಡಿದ ಸಣ್ಣ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾನೆ. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಾರೆ. ನೆಲ ತುಂಬಿತೋ, ಅಳಿಸಿ ಮತ್ತೆ ಮರಳು ಹರಡುತ್ತಾರೆ. ಗುರುಗಳಿಲ್ಲ, ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದ. ನಾಲ್ವರೂ ಒಟ್ಟಿಗೇ ಮರೆಯುವುದುಂಟೇ ಎಂಬರ್ಥದ ಉತ್ತರ ಕೊಟ್ಟರು. ಅವರ ಕಲಿಕೆ ಸುಲಭ, ಗಟ್ಟಿ ಎಂದು ಮೆಚ್ಚಿ ಬರೆದ. ಮಗ್ಗಿ ಹಾಡಿಸಿದ ನನ್ನ ಕಾಲದ ಮಾಸ್ತರರು ಈ ಪುಟ ಓದಿದ್ದರೆ ಹಿಗ್ಗುತ್ತಿದ್ದರು. ದೆಲ್ಲಾ ವಾಲ್ಲೆ 1652ರಲ್ಲಿ ತೀರಿಕೊಂಡ. ಅವನ ಪತ್ರಗಳ ತುರ್ಕಿಯ ಭಾಗ 1650ರಲ್ಲೇ ಅಚ್ಚಾಗಿತ್ತು. ಭಾರತದ ಭಾಗ ಬಂದದ್ದು 1663ರಲ್ಲಿ, ಅವನು ಕಣ್ಣು ಮುಚ್ಚಿ ಹನ್ನೊಂದು ವರ್ಷವಾದ ಮೇಲೆ. 1650ರ ಸಂಪುಟವನ್ನು ಪ್ರಥಮ ಮುದ್ರಣ ಎಂದು ಯಾರಾದರೂ ಎಷ್ಟೇ ಹೊಗಳಲಿ, ಇಕ್ಕೇರಿ ದಾರಿಯ ಹುಡುಗರು ಅದರಲ್ಲಿಲ್ಲ. ಇಂಗ್ಲಿಷಿನಲ್ಲಿ ಅವರು ಮೊದಲು ಕಾಣಿಸಿಕೊಂಡದ್ದು 1665ರ ಲಂಡನ್ ಮುದ್ರಣದಲ್ಲಿ.

ವಿಜಯನಗರ ಕಂಡ ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜರ ಕಥೆ ಇನ್ನೂ ವಿಚಿತ್ರ. ಕೃಷ್ಣದೇವರಾಯ ರಾಯಚೂರಿನಲ್ಲಿ ನಮ್ಮ ಆದಿಲಶಾಹನನ್ನು ಸೋಲಿಸಿದ ಯುದ್ಧವನ್ನು ನೂನಿಜ್ ವಿಸ್ತಾರವಾಗಿ ಬರೆದಿದ್ದಾನೆ. ಆದರೆ ಆ ಹಸ್ತಪ್ರತಿ ಪ್ಯಾರಿಸಿನಲ್ಲಿ ಮಲಗಿದ್ದು, ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದ್ದು 1897ರಲ್ಲಿ. ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದದ್ದು 1900ರಲ್ಲಿ. ಹದಿನಾರನೇ ಶತಮಾನದ ಕಥನದ ಪ್ರಥಮ ಮುದ್ರಣ ನಮ್ಮ ಮುತ್ತಜ್ಜನ ಕಾಲದ್ದು!

ನನ್ನ ಸಂಬಳಕ್ಕೆ, ಈಗ ಪಿಂಚಣಿಗೆ, ಎಟುಕುವ ಪ್ರಥಮ ಮುದ್ರಣಗಳೂ ಆ ಕಾಲದವೇ. 1846ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹ್ಯಾಕ್ಲೂಟ್ ಸೊಸೈಟಿ ಇಂಥ ಕಥನಗಳನ್ನೆಲ್ಲ ಟಿಪ್ಪಣಿ ಸಹಿತ ಇಂಗ್ಲಿಷಿನಲ್ಲಿ ಹೊರತಂದಿತು. ನೀಲಿ ಬಟ್ಟೆಯ ರಟ್ಟು, ಮೇಲೆ ಬಂಗಾರದ ಬಣ್ಣದ ಹಡಗು. ವರ್ಥೆಮಾ 1863, ಲಿನ್ಸ್‌ಖೋಟೆನ್ 1885, ದೆಲ್ಲಾ ವಾಲ್ಲೆ 1892. ಲಿನ್ಸ್‌ಖೋಟೆನ್ನನ ಮೊದಲ ಸಂಪುಟ ಸಂಪಾದಿಸಿದ ಎ. ಸಿ. ಬರ್ನೆಲ್ ಮಂಗಳೂರಿನಲ್ಲಿ ಜಡ್ಜ್ ಆಗಿದ್ದವನು. ದಕ್ಷಿಣ ಭಾರತದ ಲಿಪಿಗಳ ಮೇಲಿನ ಅವನ ಪುಸ್ತಕ ಅಲ್ಲಿಯ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ 1874ರಲ್ಲಿ ಅಚ್ಚಾಯಿತು. ಲಿನ್ಸ್‌ಖೋಟೆನ್ ಮುಗಿಯುವ ಮೊದಲೇ, 1882ರಲ್ಲಿ ಬರ್ನೆಲ್ ತೀರಿಹೋದ. ಎರಡನೇ ಸಂಪುಟವನ್ನು ಡಚ್ ವಿದ್ವಾಂಸ ಟೀಲೆ ಪೂರೈಸಿದ. ಬರ್ನೆಲ್ಲನ ಅಡಿಟಿಪ್ಪಣಿಗಳಲ್ಲಿ ನಮ್ಮ ಸೀಮೆಯ ಸೊಪ್ಪು, ಕಾಯಿ, ಜಾತಿ, ನಾಣ್ಯ ಎಲ್ಲ ಸಿಗುತ್ತವೆ. ಮೂಲಕ್ಕಿಂತ ಟಿಪ್ಪಣಿಯನ್ನೇ ನಾನು ಹೆಚ್ಚು ಓದಿದ್ದೇನೆ.

ನನ್ನ ಲಿನ್ಸ್‌ಖೋಟೆನ್ ಸಿಕ್ಕಿದ್ದು ಹೈದರಾಬಾದಿನ ಆಬಿಡ್ಸ್‌ನಲ್ಲಿ. ಅಲ್ಲಿ ಭಾನುವಾರ ಮುಚ್ಚಿದ ಅಂಗಡಿಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕದ ಸಂತೆ. ಎಂಜಿನಿಯರಿಂಗ್ ಗೈಡುಗಳ ಅಡಿಯಲ್ಲಿ ಎರಡೂ ಸಂಪುಟ ಬಿದ್ದಿದ್ದವು. ಬೆನ್ನಿನ ನೀಲಿ ಬಿಸಿಲಿಗೆ ಬೂದಿಯಾಗಿತ್ತು, ಮುಚ್ಚಿಹೋದ ಯಾವುದೋ ಕ್ಲಬ್ಬಿನ ಲೈಬ್ರರಿ ಮೊಹರು ಒಳಗೆ. ಎರಡನೇ ಸಂಪುಟದ ಹಾಳೆಗಳ ಮಡಿಕೆಯನ್ನೇ ಯಾರೂ ಸೀಳಿರಲಿಲ್ಲ. ಆ ಕಾಲದ ಪುಸ್ತಕಗಳನ್ನು ಓದುಗನೇ ಚಾಕುವಿನಿಂದ ಬಿಡಿಸಿಕೊಳ್ಳಬೇಕಿತ್ತು. ಸೀಳದ ಪ್ರತಿಗೆ ಬೆಲೆ ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ. ನಾನು ಮನೆಗೆ ಬಂದು, ಎಲುಬಿನ ಚಾಕು ಹುಡುಕಿ, ಸೀಳಿ ಓದಿದೆ. ನೂರಕ್ಕೂ ಮಿಕ್ಕ ವರ್ಷ ಯಾರೂ ತೆರೆಯದ ಪುಟವನ್ನು ಹಾಗೆಯೇ ಕಾದಿಡುವುದಕ್ಕೆ ನಾನೇನು ಬ್ಯಾಂಕಿನವನಲ್ಲ.

ಮೋಸ ಎಲ್ಲಿರುತ್ತದೆ ಎಂದು ಹೇಳಿಬಿಡುತ್ತೇನೆ. ದಿಲ್ಲಿ, ನ್ಯೂಯಾರ್ಕ್‌ಗಳ ಮರುಮುದ್ರಣಗಳಲ್ಲಿ ಹಳೆಯ ಶೀರ್ಷಿಕೆ ಪುಟವನ್ನು ಹಾಗೆಯೇ ಫೋಟೊ ತೆಗೆದು ಹಾಕಿರುತ್ತಾರೆ, ಇಸವಿ ಸಹಿತ. ಅದರ ಹಿಂಬದಿ ತಿರುಗಿಸಿ ನೋಡಬೇಕು. 1800ಕ್ಕಿಂತ ಹಿಂದಿನದಾದರೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿಯಬೇಕು: ಕೈಯಿಂದ ಮಾಡಿದ ಕಾಗದದಲ್ಲಿ ಜಾಲರಿಯ ತಂತಿಗಳ ಗೆರೆ ಸಾಮಾನ್ಯವಾಗಿ ಮೂಡಿರುತ್ತದೆ. ಪುಟದ ಬುಡದಲ್ಲಿ ಮುಂದಿನ ಪುಟದ ಮೊದಲ ಪದ ಅಚ್ಚಾಗಿರುತ್ತದೆ. ಪುಟ ಮಗುಚಿದಾಗ ಅದೇ ಪದ ಬರದಿದ್ದರೆ ನಡುವೆ ಹಾಳೆ ಹೋಗಿದೆ. ಪುಟಸಂಖ್ಯೆಯನ್ನೊಂದೇ ನಂಬಿ ಕೂಡಬಾರದು. ಹ್ಯಾಕ್ಲೂಟನ 1589ರ ಪುಸ್ತಕದಲ್ಲಿ ಡ್ರೇಕ್ ಭೂಮಿ ಸುತ್ತಿದ ಕಥೆಯ ಹಾಳೆಗಳಿಗೆ ಸಂಖ್ಯೆಯೇ ಇಲ್ಲ, ಆಮೇಲೆ ತುರುಕಿದವು. ಎರಡನೇ ಆವೃತ್ತಿಯಲ್ಲಿ ಇದಕ್ಕೆ ತಿರುಗಾಮುರುಗಾ. ಸ್ಪೇನಿನ ಕ್ಯಾಡಿಜ್ ಬಂದರಿನ ಮೇಲೆ 1596ರಲ್ಲಿ ನಡೆದ ದಾಳಿಯ ವರ್ಣನೆ ಮೊದಲ ಸಂಪುಟದ ಕೊನೆಯಲ್ಲಿತ್ತು. ದಾಳಿಯ ನಾಯಕ ಎಸೆಕ್ಸ್ ಇಂಗ್ಲೆಂಡಿನ ರಾಣಿಯ ಕೋಪಕ್ಕೆ ಗುರಿಯಾದದ್ದೇ ತಡ, ಆ ಪುಟಗಳನ್ನು ಕಿತ್ತು, 1599 ಎಂದು ಹೊಸ ಶೀರ್ಷಿಕೆ ಪುಟ ಅಂಟಿಸಿದರು. ಮುಂದೆ ಹದಿನೆಂಟನೇ ಶತಮಾನದಲ್ಲಿ ಅವೇ ಪುಟಗಳನ್ನು ಹೊಸದಾಗಿ ಅಚ್ಚು ಹಾಕಿ ಹಳೆಯ ಪ್ರತಿಗಳಿಗೆ ಹೊಲಿದರು. ಕಿತ್ತದ್ದು ಒಂದು ಕಾಲ, ಹೊಲಿದದ್ದು ಇನ್ನೊಂದು ಕಾಲ.

ನಮ್ಮ ಕಡೆಯ ಹವೆ ಕಾಗದಕ್ಕೆ ಒಳ್ಳೆಯದು, ತೊಗಲಿಗೆ ಕೆಟ್ಟದ್ದು. ಕರಾವಳಿಯ ಬೂಷ್ಟು ಇಲ್ಲಿಲ್ಲ. ಆದರೆ ಏಪ್ರಿಲ್ ಮೇ ಬಿಸಿಲಿಗೆ ತೊಗಲಿನ ಬೈಂಡು ಬಿರಿದು ಕೆಂಪು ಪುಡಿ ಉದುರುತ್ತದೆ. ಕಪಾಟನ್ನು ಪಡುವಣ ಗೋಡೆಯಿಂದ ದೂರ ಇಟ್ಟಿದ್ದೇನೆ, ಗೆದ್ದಲಿಗೆ ಹೆದರಿ ಕಾಲುಗಳನ್ನು ಕಲ್ಲಿನ ಮೇಲೆ ಏರಿಸಿದ್ದೇನೆ. ಬೇವಿನ ಎಲೆ ಹಾಕುವವರು ಪೂರ್ತಿ ಒಣಗಿಸಿ ಹಾಕಲಿ; ಹಸಿ ಎಲೆ ಕಲೆ ಮಾಡುತ್ತದೆ. ಸೆಲ್ಲೊಟೇಪು ಮಾತ್ರ ಮುಟ್ಟಲೇಬಾರದು.

ಇನ್ನೊಂದು ಮಾತು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು, ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ದಾಟಿದ್ದನ್ನು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ ಎನ್ನುತ್ತದೆ 1972ರ ಕಾಯ್ದೆ. ಪುಸ್ತಕ ಎಲ್ಲಿಂದ ಬಂದದ್ದೆಂದು ತೋರಿಸಲು ಹೊರಗಿನಿಂದ ತರಿಸಿಕೊಂಡ ರಸೀದಿ, ಪಾರ್ಸೆಲ್ಲಿನ ಕಾಗದ ಜೋಪಾನ ಮಾಡಿ.

ಓದುವುದಷ್ಟೇ ಬೇಕೆಂದರೆ ಈ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಮೊದಲು ಅವನ್ನು ಓದಿ, ಯಾವ ಪುಟಕ್ಕಾಗಿ ದುಡ್ಡು ಹಾಕುತ್ತೀರಿ ಎಂದು ತೀರ್ಮಾನಿಸಿ, ಆಮೇಲೆ ಆಬಿಡ್ಸಿನ ಬಸ್ಸು ಹತ್ತಿ. ಭಾನುವಾರ ಬೆಳಿಗ್ಗೆ ಬೇಗ ಹೋಗಬೇಕು, ಚಿಲ್ಲರೆ ಇಟ್ಟುಕೊಳ್ಳಬೇಕು. ಬೇಕಾದ ಪುಸ್ತಕದ ಜೊತೆ ಬೇಡದ ಎರಡನ್ನು ಎತ್ತಿ ಅವುಗಳ ಬೆಲೆಯನ್ನೇ ಮೊದಲು ಕೇಳಿ. ಹಡಗಿನ ಚಿತ್ರ ನೋಡಿ ನಿಮ್ಮ ಮುಖ ಅರಳಿದ್ದು ಕಂಡರೆ ಬೆಲೆ ಅಲ್ಲೇ ದುಪ್ಪಟ್ಟಾಗುತ್ತದೆ.